ಒಬ್ಬರು ಕಮ್ಮಿ

ಬೀಡಿ ಡಿಪೋ ಮುಚ್ಚಿ ಹೋದ ಮೇಲೂ
ಬೀಗದ ಕೈ ನನ್ನಲ್ಲೇ ಉಳಿಯಿತು.
ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.
ಮುಳ್ಳೇರಿಯದ ಕೋಲಾಟ ಸಂಘಕ್ಕೆ
ನಾನು ಕಾರ್ಯದರ್ಶಿಯಾದದ್ದು ಹೀಗೆ.
ಸೂಚನೆ, ಅನುಮೋದನೆ ಎಲ್ಲ
ಆಮೇಲೆ ಪುಸ್ತಕಕ್ಕೆಂದು ಬರೆದದ್ದು.

ಶನಿವಾರ ಐದೂವರೆಗೆ ಬಂದು ಕಿಟಕಿ ತೆರೆಯುತ್ತೇನೆ.
ಹನ್ನೆರಡು ವರ್ಷವಾದರೂ
ನೆಲ ಗುಡಿಸಿದರೆ ಹೊಗೆಸೊಪ್ಪಿನ ಸೀನು.
ಸೆವ್ರಿನ್ ಬಾಯಿ ಚಹಾ ತರುತ್ತಾರೆ,
ಸಕ್ಕರೆ ಬೇರೆ ಡಬ್ಬಿಯಲ್ಲಿ, ಆರು ಮಂದಿಗೆ ಶುಗರು.
ಬಲ್ಬು ಕುಂಞಂಬುವಿನ ಲೆಕ್ಕ.
ಕರೆಂಟು ಬಿಲ್ಲು ಮರಿಯುಮ್ಮನ ಮಗ ಕಟ್ಟುತ್ತಾನೆ,
ಕಟ್ಟಿದೆ ಎಂದು ಹೇಳುವುದಿಲ್ಲ;
ಫ್ಯೂಸು ಕೀಳಲು ಯಾರೂ ಬಾರದ್ದರಿಂದ ನಮಗೆ ಗೊತ್ತು.
ಕೋಲು ನಾಣು ಆಚಾರಿ ಕಡೆದದ್ದು, ಕಾಸರಕದ್ದು.
ಗೆದ್ದಲೂ ಮುಟ್ಟದಷ್ಟು ಕಹಿ.
ಕೋಲನ್ನು ಹಲ್ಲಲ್ಲಿ ಕಚ್ಚಿ ಸೆರಗು ಸಿಕ್ಕಿಸಿಕೊಂಡವರಿಗೆ
ಅದು ಗೊತ್ತು. ಎರಡನೆಯ ಸಲ ಯಾರೂ ಕಚ್ಚಿಲ್ಲ.

ಹೇಳಿ ಕುಣಿಸುವುದು ಐತಪ್ಪಣ್ಣ,
ಮೂವತ್ತು ವರ್ಷ ಸರಕಾರಿ ಬಸ್ಸಿನ ಕಂಡಕ್ಟರು.
ಎರಡು ಗಂಟೆ ಹೊಡೆದರೆ ಹೊರಡಬೇಕು,
ಒಂದಕ್ಕೆ ನಿಲ್ಲಬೇಕು.
"ಮುಂದೆ ಹೋಗಿ, ಮುಂದೆ ಹೋಗಿ, ನಡುವಿನಲ್ಲಿ ಜಾಗ ಉಂಟು!
ಎಡಕ್ಕೆ ಕೊಟ್ಟವರು ಬಲಕ್ಕೆ ತಕೊಳ್ಳಿ,
ಚಿಲ್ಲರೆ ಬಾಕಿ ಇಡಬೇಡಿ!"
ಒಮ್ಮೆ ತುಳು, ಒಮ್ಮೆ ಮಲಯಾಳ,
ಸಿಟ್ಟು ಬಂದರೆ ಕನ್ನಡ:
ಶಾಲೆಯಲ್ಲಿ ಪೆಟ್ಟು ತಿಂದದ್ದು ಆ ಭಾಷೆಯಲ್ಲಂತೆ.
ಕಾಲಿಗೆ ಮೂರೂ ತಿಳಿಯುತ್ತದೆ.

ಹದಿನಾರು ಮಂದಿ ಬೇಕು. ಎಂಟು ಜೋಡಿ.
ಹದಿನೈದಾದರೆ ಒಂದು ಕೋಲು ಗಾಳಿಗೆ ಬಡಿಯುತ್ತದೆ,
ಆ ಸದ್ದಿಲ್ಲದ ಜಾಗ ಸುತ್ತು ತಿರುಗಿ ತಿರುಗಿ
ಎಲ್ಲರ ಬಳಿಗೂ ಬರುತ್ತದೆ.

ಕಳೆದ ವಾರ ಕಾರ್ತ್ಯಾಯಿನಿ ಟೀಚರ್ ಬರಲಿಲ್ಲ.
ಮೊಣಕಾಲು ಎಂದು ಹೇಳಿ ಕಳಿಸಿದ್ದರು.
ಹೇಳಿ ಕಳಿಸಿದವನ ಕೈಯಲ್ಲಿ
ತಮ್ಮ ಕೋಲಿನ ಜೋಡಿಯನ್ನೂ ಕಳಿಸಿದ್ದರು.
ಕೋಲು ಯಾಕೆ ಎಂದು ಯಾರೂ ಕೇಳಲಿಲ್ಲ.
ಸೇಸಮ್ಮ ಅವನ್ನು ತಂದು
ನನ್ನ ಹಾಜರಿ ಪುಸ್ತಕದ ಮೇಲಿಟ್ಟಳು.
"ರೈಟರೇ, ಏಳಿ."

ಈ ಸೇಸಮ್ಮನ ಕಟ್ಟುಗಳನ್ನು
ಇದೇ ಮೇಜಿನ ಮೇಲೆ ನಾನು ಬಿಚ್ಚುತ್ತಿದ್ದೆ.
ಇಪ್ಪತ್ತೈದರಲ್ಲಿ ನಾಲ್ಕು ಸಡಿಲ, ಎರಡು ಗಿಡ್ಡ,
ಮುರಿದು ಬುಟ್ಟಿಗೆ.
ಸಾವಿರಕ್ಕೆ ಇಷ್ಟು ಕಡಿತ ಎಂದು
ಕೆಂಪು ಶಾಯಿಯಲ್ಲಿ ಬರೆದದ್ದು ಇದೇ ಕೈ.
ಉಳಿದದ್ದಕ್ಕೆ "ಪಾಸು" ಎನ್ನುತ್ತಿದ್ದೆ, ಮುಖ ನೋಡದೆ.
ಅವಳು ಏನೂ ಹೇಳುತ್ತಿರಲಿಲ್ಲ.
ಮರುದಿನದ ಎಲೆ, ಸೊಪ್ಪು ತೂಗಿಸಿಕೊಂಡು
ಗುಡ್ಡೆ ಹತ್ತಿ ಹೋಗುತ್ತಿದ್ದಳು.

ಎದ್ದೆ. ಮುಂಡು ಮೇಲೆ ಕಟ್ಟಿದೆ.
ಎರಡು ಗಂಟೆ.
ಮೊದಲ ಸುತ್ತಿಗೇ ಹೆಬ್ಬೆರಳಿಗೆ ಪೆಟ್ಟು.
ಎರಡನೆಯದರಲ್ಲಿ ಎದುರಾದ ಮರಿಯುಮ್ಮ
ಕೋಲೆತ್ತಿ ಕಾದು ನಿಂತರು,
ದನ ದಾಟಲಿ ಎಂದು ನಿಂತ ಬಸ್ಸಿನ ಹಾಗೆ.
"ಟಿಕೆಟಿಲ್ಲದವರು ಯಾರು ಅಲ್ಲಿ?" ಐತಪ್ಪಣ್ಣ.
ಕುಂಞಂಬು ನಗು ತಡೆಯಲಾರದೆ
ತಾನೂ ತಪ್ಪಿದ.

ಆಮೇಲೆ ಸೇಸಮ್ಮ.
ನನ್ನದು ಸಡಿಲ, ಗಿಡ್ಡ, ಹೊತ್ತು ತಪ್ಪಿದ ಏಟು.
ಅವಳು ತನ್ನ ಕೋಲನ್ನು
ಅರ್ಧ ಗೇಣು ಮುಂದಕ್ಕೆ ತಂದಳು.
ಟಕ್.
"ಪಾಸು" ಎಂದು
ಮುಂದಿನವರ ಕಡೆ ತಿರುಗಿದಳು.

ಎಂಟೂ ನಲವತ್ತಕ್ಕೆ ಅಡೂರಿನ ಕೊನೆಯ ಬಸ್ಸು.
ಅರ್ಧ ಜನ ಕೋಲು ಕಂಕುಳಲ್ಲಿಟ್ಟು ಓಡಿದರು.
ಸೆವ್ರಿನ್ ಬಾಯಿ ಮಿಕ್ಕ ಚಹಾ ಚೆಲ್ಲಲು ಮನಸ್ಸಿಲ್ಲದೆ
ನನಗೇ ಇನ್ನೊಂದು ಲೋಟ ಕೊಟ್ಟರು.
ಹಾಜರಿ ಬರೆಯಲು ಕೂತೆ.
ಟೀಚರ ಹೆಸರು ಹೊಡೆಯಲಿಲ್ಲ,
ಅವರ ಮನೆಗೆ ಸೋಮವಾರ ಹೋಗಬೇಕು, ಕೋಲಿನ ಸಮೇತ.
ಹದಿನಾರರ ಕೆಳಗೆ ನನ್ನ ಹೆಸರಿಗೆ ಗೆರೆಯೇ ಇರಲಿಲ್ಲ;
ಹೊಸದೊಂದು ಎಳೆದೆ, ಸೊಟ್ಟಗೆ.
ಹೆಬ್ಬೆರಳು ಬಾತುಕೊಂಡಿತ್ತು.
ಬೀಗ ಹಾಕಿದ್ದು ಎಡಗೈಯಲ್ಲಿ.